ಕುದಿಸಿದರೆ ಹೋಗದ್ದು, ದಿನ ಕಳೆದರೆ ಹೋಗುತ್ತದೆ

ಇಸ್ತ್ರಿ ಅಂಗಡಿಯ ಸೊಸೆ ಊಟ ಮುಗಿಸಿ ಎದ್ದಳೆಂದರೆ ಅತ್ತೆ ಒಲೆ ಹಚ್ಚಿದರೆಂದೇ ಲೆಕ್ಕ. ಸೊಸೆ ಉಂಡ ತಟ್ಟೆ, ಕುಡಿದ ಲೋಟ, ಮುಟ್ಟಿದ ಚಮಚ, ಎಲ್ಲವನ್ನೂ ದೊಡ್ಡ ಪಾತ್ರೆಗೆ ಹಾಕಿ ಕೊತಕೊತ ಕುದಿಸುವುದು. ಒಂದು ಸಲಕ್ಕೆ ಸಮಾಧಾನವಿಲ್ಲ, ನೀರು ಚೆಲ್ಲಿ ಮತ್ತೊಂದು ಸಲ. ಪ್ಲಾಸ್ಟಿಕ್ ಲೋಟವಂತೂ ಆ ಶಾಖಕ್ಕೆ ಸೊಟ್ಟಗಾಗಿ, ನೆಟ್ಟಗೆ ನಿಲ್ಲುವುದನ್ನೇ ಮರೆತಿತ್ತು.

ಮೂರು ತಿಂಗಳಿಂದ ಇದೇ ಗೋಳು.

ಸೊಸೆಗೆ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಕೆಲಸ ಜಾಸ್ತಿಯಾಗಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕೈ ನಡುಗಿ ಇಸ್ತ್ರಿ ಪೆಟ್ಟಿಗೆ ಹಿಡಿಯಲಾಗುತ್ತಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ವಿಕಿರಣ ಇರುವ ಅಯೋಡಿನ್ ಮಾತ್ರೆ ನುಂಗಿಸಿದರು. ಇಂತಿಷ್ಟು ದಿನ ಮಗುವನ್ನು ಎತ್ತಿಕೊಳ್ಳಬೇಡಿ, ಬೇರೆ ಮಲಗಿ, ಬಟ್ಟೆ ಬೇರೆ ಒಗೆಯಿರಿ, ಆಮೇಲೆ ಎಂದಿನಂತೆ ಇರಿ ಎಂದರು. ಅವಳು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಅವಧಿ ಮುಗಿಯಿತು. ಎದೆಬಡಿತ ಹದಕ್ಕೆ ಬಂತು, ಕೈಯ ನಡುಕ ನಿಂತಿತು. ಅತ್ತೆಯ ಹೆದರಿಕೆ ಮಾತ್ರ ನಿಲ್ಲಲಿಲ್ಲ.

ನಾಲ್ಕು ವರ್ಷದ ಪುಟ್ಟಿ ಅಜ್ಜಿಯ ಪಕ್ಕದಲ್ಲೇ ಮಲಗಬೇಕು, ಅಜ್ಜಿಯ ಕೈಯಲ್ಲೇ ಉಣ್ಣಬೇಕು. ಗಿರಾಕಿಗಳ ಬಟ್ಟೆಯನ್ನು ಸೊಸೆ ಮುಟ್ಟುವಂತಿಲ್ಲ, ಮುಟ್ಟಿದರೆ ಅತ್ತೆ ಮತ್ತೆ ನೀರಿಗದ್ದುತ್ತಿದ್ದರು. ಡಾಕ್ಟರೇ ಹೇಳಿದ್ದಾರೆ ಅಂದರೆ, ಡಾಕ್ಟರಿಗೇನು, ಅವರ ಮನೆ ಮಗುವೇ ಎನ್ನುವರು. ಗಂಡನ ಹತ್ತಿರ ಹೇಳಿಕೊಂಡರೆ ಅವನದು ಒಂದೇ ರಾಗ: ಅಮ್ಮ ಏನೋ ಹೆದರಿದ್ದಾರೆ, ಸ್ವಲ್ಪ ಹೊಂದಿಕೊಂಡು ಹೋಗು. ಹೊಂದಿಕೊಂಡು ಹೊಂದಿಕೊಂಡು ಅವಳಿಗೆ ಸಾಕುಬೇಕಾಗಿತ್ತು. ಗೋಡೆಗೆ ತಲೆ ಚಚ್ಚಿಕೊಳ್ಳೋಣವೆಂದರೆ, ಆಮೇಲೆ ಆ ಗೋಡೆಯನ್ನೂ ಅತ್ತೆ ತೊಳೆಯುತ್ತಾರೆಂಬ ಯೋಚನೆ ಬರುತ್ತಿತ್ತು.

ಒಂದು ಮಧ್ಯಾಹ್ನ ಪುಟ್ಟಿ ಅಂಗಡಿಯ ಮೆಟ್ಟಿಲ ಮೇಲೆ ಎಡವಿ ಬಿದ್ದು ಮಂಡಿ ತರಚಿಕೊಂಡಿತು. ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಸೊಸೆ ಅದನ್ನು ಬಿಸಾಕಿ ಓಡಿದಳು. ಮಗು ಅಳುತ್ತಲೇ ಹಿಂದಕ್ಕೆ ಸರಿಯಿತು.

“ಮುಟ್ಬೇಡಮ್ಮ. ನಂಗೂ ಬರುತ್ತೆ.”

ಹಾಗೆಂದು ಕುಂಟುತ್ತಾ ಅಜ್ಜಿಯನ್ನು ಹುಡುಕಿಕೊಂಡು ಒಳಗೆ ಹೋಯಿತು.

ಸೊಸೆ ಇಸ್ತ್ರಿ ಪೆಟ್ಟಿಗೆ ಆರಿಸಿ, ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯ ಕೋಣೆಗೆ ನೇರ ನುಗ್ಗಿದಳು. “ಮೇಡಂ, ಒಂದೋ ನನ್ನನ್ನ ಇಲ್ಲೇ ಎಲ್ಲಾದ್ರೂ ಇಟ್ಕೊಳ್ಳಿ, ಇಲ್ಲಾ ನಮ್ಮನೆಗೆ ಬಂದು ನಮ್ಮತ್ತೆಗೆ ಹೇಳಿ. ನನ್ನ ಬಾಯಿ ಬಿದ್ದುಹೋಗಿದೆ.”

ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇದೇ ದೂರು ಹೇಳಿದವರಲ್ಲಿ ಇವಳು ಮೊದಲನೆಯವಳಲ್ಲ. ಒಂದು ಸಲ ಮನೆಯವರನ್ನೂ ಕೂರಿಸಿ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ತಮ್ಮ ಆಸ್ಪತ್ರೆಯವರನ್ನೇ ಬೈದುಕೊಂಡು, ವಿಕಿರಣ ಅಳೆಯುವ ಮೀಟರನ್ನು ಚೀಲಕ್ಕೆ ಹಾಕಿಕೊಂಡು, ಮರುದಿನವೇ ಬಂದರು.

ಅತ್ತೆ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತರು. ಅವರು ಜೀವಮಾನವೆಲ್ಲ ಊರಿನವರ ಬಟ್ಟೆಯ ಕಲೆ ತೆಗೆದವರು. ಕಲೆ ಹೋದದ್ದು ಕಣ್ಣಿಗೆ ಕಾಣುತ್ತದೆ. “ಕಣ್ಣಿಗೇ ಕಾಣದ್ದು ಹೋಯ್ತು ಅಂತ ನಾನು ಹೇಗೆ ನಂಬ್ಲಿ?” ಎಂದರು.

ಒಳ್ಳೆಯ ಪ್ರಶ್ನೆ ಎಂದು ಅಧಿಕಾರಿ ಒಳಗೆ ಬಂದು ಮೇಜಿನ ಪಕ್ಕ ಕುಳಿತರು. ಪ್ರಪಂಚದ ವಸ್ತುಗಳೆಲ್ಲ ಪರಮಾಣುಗಳಿಂದ ಆಗಿವೆ, ಪ್ರತಿ ಪರಮಾಣುವಿನ ನಟ್ಟನಡುವೆ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟಿದೆ ಎಂದರು. ಆ ಗಂಟಿನೊಳಗೆ ಪ್ರೋಟಾನು, ನ್ಯೂಟ್ರಾನುಗಳೆಂಬ ಕಣಗಳು ಒತ್ತೊತ್ತಾಗಿವೆ. ಹೆಚ್ಚಿನ ಗಂಟುಗಳು ಭದ್ರ. ಕೆಲವು ಮಾತ್ರ ಲೆಕ್ಕ ತಪ್ಪಿ ತುರುಕಿದ ಬಟ್ಟೆ ಮೂಟೆಯ ಹಾಗೆ, ಒಂದು ದಿನ ಬಿರಿದು ಹೆಚ್ಚಾದದ್ದನ್ನು ಹೊರಗೆಸೆಯುತ್ತವೆ. ಹಾಗೆ ಎಸೆದದ್ದೇ ವಿಕಿರಣ. ಮಾತ್ರೆಯ ಅಯೋಡಿನ್ನೂ ಅಂಥದ್ದೇ, ಎಸೆದ ಮೇಲೆ ಅದು ಬೇರೆಯೇ ವಸ್ತುವಾಗಿ ತಣ್ಣಗಾಗುತ್ತದೆ.

“ನಾನು ಅಷ್ಟು ಕುದಿಸ್ತೀನಲ್ಲ, ಸಾಯಲ್ವಾ ಅದು?”

“ಸಾಯೋಕೆ ಅದೇನು ಹುಳ ಅಲ್ಲಮ್ಮ. ನಿಮ್ಮ ಒಲೆ ಶಾಖ ಪರಮಾಣುವಿನ ಹೊರಗಡೆ ಮಾತ್ರ ಅಲ್ಲಾಡಿಸುತ್ತೆ, ಒಳಗಿನ ಗಂಟಿಗೆ ಮುಟ್ಟೋದೇ ಇಲ್ಲ. ಕುದಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅದು ಹೋಗೋದು ದಿನ ಕಳೆದ ಹಾಗೆ.”

ಈ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ, ಇನ್ನೆಂಟು ದಿನಕ್ಕೆ ಉಳಿದುದರಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ. ಮೂತ್ರದಲ್ಲಿ ಹೋಗುವುದು ಬೇರೆ. ಮೊದಲ ದಿನಗಳಲ್ಲಿ ಮಗುವನ್ನು ದೂರ ಇಟ್ಟದ್ದು ಸರಿ, ಮೂರು ತಿಂಗಳಾದ ಮೇಲೂ ಇಟ್ಟದ್ದು ತಪ್ಪು ಎಂದು ಅಧಿಕಾರಿ ಮುಚ್ಚುಮರೆಯಿಲ್ಲದೆ ಹೇಳಿದರು.

ಅತ್ತೆ ಸುಮ್ಮನಾಗುವವರೇ? ಅಳೆದು ತೋರಿಸಿ ಎಂದರು. ಅಧಿಕಾರಿ ಮೀಟರು ತೆಗೆದು ಮೊದಲು ಗೋಡೆಯ ಹತ್ತಿರ ಹಿಡಿದರು. ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತು. ಅತ್ತೆ ಗೋಡೆಯಿಂದ ಎರಡು ಮಾರು ಹಾರಿದರು.

“ಗೋಡೆಗೂ ಮಾತ್ರೆ ಕೊಟ್ಟಿದ್ದೀರಾ?”

ಅಧಿಕಾರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಣ್ಣು, ಕಲ್ಲು, ಆಕಾಶ, ಎಲ್ಲ ಕಡೆಯಿಂದ ಸ್ವಲ್ಪ ವಿಕಿರಣ ಸದಾ ಬರುತ್ತಲೇ ಇರುತ್ತದೆ, ನಾವೆಲ್ಲ ಹುಟ್ಟಿ ಬೆಳೆದದ್ದೇ ಅದರ ನಡುವೆ ಎಂದು ಹೇಳಿ, ಮೀಟರನ್ನು ಸೊಸೆಯ ಕತ್ತಿನ ಬಳಿ ಹಿಡಿದರು. ಗೋಡೆಯ ಹತ್ತಿರ ಹೇಗೋ ಇಲ್ಲೂ ಹಾಗೆಯೇ. ಅತ್ತೆಯ ಕತ್ತಿನ ಬಳಿ ಹಿಡಿದರೂ ಹಾಗೆಯೇ.

ಅತ್ತೆ ಮೀಟರನ್ನು ತಾವೇ ಕೇಳಿ ಇಸಿದುಕೊಂಡು ಮೂರು ಕಡೆಯೂ ಮತ್ತೊಮ್ಮೆ ಹಿಡಿದು ನೋಡಿದರು. ಬಳಿಕ ಮೆಲ್ಲಗೆ, “ಹಾಗಾದ್ರೆ ಇಷ್ಟು ದಿನ ಗ್ಯಾಸ್ ಉರಿಸಿದ್ದು?” ಎಂದರು.

“ದಂಡ,” ಎಂದರು ಅಧಿಕಾರಿ.

ಸೊಸೆ ಮಂಡಿಯೂರಿ ಕೂತು ಮಗಳಿಗೆ ಕೈ ಚಾಚಿದಳು. ಪುಟ್ಟಿ ಬರಲಿಲ್ಲ. ಅಂಗಡಿಯಿಂದ ಒಳಬಂದಿದ್ದ ಗಂಡ ಕರೆದ, ಅಧಿಕಾರಿಯೂ ಹೋಗು ಕಂದ ಎಂದರು. ಮಗು ಬಾಗಿಲ ಸಂದಿಯಲ್ಲಿ ನಿಂತು ಅಜ್ಜಿಯ ಮುಖವನ್ನೇ ನೋಡುತ್ತಿತ್ತು. ಸೊಸೆಯ ಚಾಚಿದ ಕೈ ಹಾಗೇ ಕೆಳಗಿಳಿಯಿತು. ಇಷ್ಟು ದಿನದ ಸಿಟ್ಟೆಲ್ಲ ಒಮ್ಮೆಗೇ ಕಣ್ಣಿಗೆ ಬಂತು.

ಅತ್ತೆಯ ಮುಖ ಸಪ್ಪಗಾಯಿತು. ಸೊಂಟ ಹಿಡಿದುಕೊಂಡು ನೆಲಕ್ಕೆ ಕೂತರು, ಸೊಸೆಯ ಕತ್ತಿಗೆ ಎರಡೂ ಕೈ ಹಾಕಿ ಎಳೆದು ತಬ್ಬಿಕೊಂಡರು.

“ನೋಡು ಪುಟ್ಟಿ, ಏನೂ ಆಗಲ್ಲ. ಅಜ್ಜಿಗೆ ಗೊತ್ತಿರ್ಲಿಲ್ಲ.”

ಮಗು ಒಂದು ಗಳಿಗೆ ನೋಡಿತು. ಆಮೇಲೆ ಓಡಿಬಂದು ಇಬ್ಬರ ನಡುವೆ ತೂರಿಕೊಂಡಿತು.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ಚಿಕಿತ್ಸೆ ಆಗಬಹುದು. ಎಷ್ಟು ದಿನ ದೂರವಿರಬೇಕೆಂದು ಆಸ್ಪತ್ರೆಯಲ್ಲೇ ಬಾಯಿಬಿಟ್ಟು ಕೇಳಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ ಕೇಳಿಸಿ. ಹೇಳಿದಷ್ಟು ದಿನ, ಅದರಲ್ಲೂ ಮಕ್ಕಳು ಮತ್ತು ಬಸುರಿಯರ ವಿಷಯದಲ್ಲಿ, ಒಂದು ದಿನವೂ ಕಡಿಮೆ ಮಾಡಬೇಡಿ. ಆದರೆ ಅವಧಿ ಮುಗಿದ ಮೇಲೆ ಅದನ್ನು ಇನ್ನಷ್ಟು ಎಳೆಯಲೂ ಬೇಡಿ. ಅನುಮಾನವಿದ್ದರೆ ಒಲೆ ಹಚ್ಚಬೇಡಿ, ಆಸ್ಪತ್ರೆಗೆ ಫೋನ್ ಹಚ್ಚಿ. ಮಗುವನ್ನು ಅದರ ಅಮ್ಮನ ಮಡಿಲಿಗೆ ಕೊಡಿ.