ಬೀಗವಿಲ್ಲದ ಎರಡನೇ ಸ್ವಿಚ್ಚು

ನಾನು ಒಂದು ಕೆಂಪು ಬೀಗ. ನನ್ನ ಜೊತೆ ಒಂದೇ ದಿನ ಹುಟ್ಟಿದ ಅಣ್ಣತಮ್ಮಂದಿರು ಮನೆಬಾಗಿಲು, ಪೆಟ್ಟಿಗೆ ಎಂದು ಸುಖವಾಗಿ ನೇತಾಡಲು ಹೋದರು. ನಾನು ಬಂದು ಬಿದ್ದದ್ದು ಘಟಪ್ರಭೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಗೆ. ಇಲ್ಲಿನವರು ನನ್ನನ್ನು ಕೀಲಿ ಎನ್ನುತ್ತಾರೆ. ಕಳ್ಳರನ್ನು ತಡೆಯುವುದು ನನ್ನ ಕೆಲಸವಲ್ಲ. ಯಂತ್ರದೊಳಗೆ ಮನುಷ್ಯ ಇಳಿಯುವಾಗ ಅದರ ಸ್ವಿಚ್ಚಿಗೆ ನನ್ನನ್ನು ಹಾಕುತ್ತಾರೆ. ಚಾವಿ ಇಳಿದವನ ಜೇಬಿನಲ್ಲಿರುತ್ತದೆ. ಅವನು ಮೇಲೆ ಬಂದು ನನ್ನನ್ನು ತೆಗೆಯುವವರೆಗೆ ಮ್ಯಾನೇಜರರೇ ಬಂದರೂ ಯಂತ್ರ ತಿರುಗುವುದಿಲ್ಲ. ಇದರ ಬಗ್ಗೆ ನನಗೆ ಜಂಬವಿತ್ತು.

ಆ ಜಂಬ ಇಳಿದದ್ದು ಯಮನಪ್ಪನೆಂಬ ಕೆಲಸಗಾರನಿಂದ. ಆಗಿನ ಫೋರ್‌ಮನ್ ಕೆಲಸ ಹೇಳಿ, ತಿಳಿಯಿತೇ ಎಂದು ಕೇಳುತ್ತಿದ್ದರು. ಎಲ್ಲರೂ "ಹೂಂ ರೀ" ಎನ್ನುತ್ತಿದ್ದರು. ಹಿರಿಯರು ಹೇಳಿದ ಮೇಲೆ ತಿಳಿಯಲಿಲ್ಲ ಎನ್ನುವುದು ಮರ್ಯಾದೆಯಲ್ಲ ಎಂದೇ ಅವರ ನಂಬಿಕೆ. ಯಮನಪ್ಪನೂ ತಿಳಿಯದೆಯೇ ಹೂಂ ಎಂದ. ನನ್ನನ್ನು ಹಾಕದೆ ಯಂತ್ರಕ್ಕೆ ಕೈ ಹಾಕಿದ. ಎರಡು ಬೆರಳು ಹೋದವು. ನಾನು ಆಗ ಮೊಳೆಗೆ ನೇತಾಡುತ್ತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅವನನ್ನು ಆಸ್ಪತ್ರೆಗೆ ಹೊತ್ತೊಯ್ದ ದಸ್ತಗೀರಸಾಬರೇ ಮುಂದೆ ಫೋರ್‌ಮನ್ ಆದರು. ಅವರಿಗೆ ಹೂಂ ಸಾಲುತ್ತಿರಲಿಲ್ಲ. ಹೇಳಿದ ಕೆಲಸವನ್ನು ಬಾಯಿಬಿಟ್ಟು ತಿರುಗಿ ಒಪ್ಪಿಸಿದವನಿಗಷ್ಟೇ ನನ್ನನ್ನು ಕೊಡುತ್ತಿದ್ದರು. ಜನ ಬೆನ್ನ ಹಿಂದೆ ಅವರನ್ನು ಮಗ್ಗಿ ಮಾಸ್ತರ ಎಂದು ನಗುತ್ತಿದ್ದರು.

ಒಂದು ಮುಂಜಾನೆ ಕಬ್ಬು ಸಾಗಿಸುವ ಎರಡನೇ ಪಟ್ಟಿ ಸಿಕ್ಕಿಕೊಂಡು ನಿಂತಿತು. ಹೊರಗೆ ಟ್ರ್ಯಾಕ್ಟರುಗಳ ಸಾಲು, ಫೋನಿನಲ್ಲಿ ಮ್ಯಾನೇಜರರ ಕೂಗಾಟ. ಸಾಬರು ಗಡಿಬಿಡಿಯಲ್ಲಿ ಭೀಮಶಿಗೆ ಕೆಲಸ ಹೇಳಿ, ಒಪ್ಪಿಸಿಕೊಳ್ಳದೆಯೇ ನನ್ನನ್ನು ಕೊಟ್ಟುಬಿಟ್ಟರು. ಭೀಮಶಿ ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ಅವನು ನನ್ನನ್ನು ಒಂದನೇ ಪಟ್ಟಿಯ ಸ್ವಿಚ್ಚಿಗೆ ಹಾಕಿ, ಎರಡನೇ ಪಟ್ಟಿಯ ಕಡೆ ನಡೆದ.

ಪಕ್ಕದ ಎರಡನೇ ಸ್ವಿಚ್ಚಿಗೆ ಬೀಗವಿರಲಿಲ್ಲ. ಬೀಗವಿಲ್ಲವೆಂದರೆ ಒಳಗೆ ಯಾರೂ ಇಲ್ಲ ಎಂದೇ ಅರ್ಥ. ಸ್ವಿಚ್ಚು ನೋಡಿಕೊಳ್ಳುತ್ತಿದ್ದ ಯಮನಪ್ಪನಿಗೆ ಎರಡನೇದನ್ನು ಚಾಲೂ ಮಾಡಿ ನೋಡು ಎಂದು ಮ್ಯಾನೇಜರರ ಫೋನ್ ಬಂತು. ಅವನ ಮೂರು ಬೆರಳಿನ ಕೈ ಸ್ವಿಚ್ಚಿನ ಮೇಲೆ ಬಂದು ಕೂತಿತು. ನನಗೆ ಬಾಯಿಲ್ಲ. ಕಿಟಕಿಯಾಚೆ ಭೀಮಶಿ ಒಂದು ಕಾಲು ಒಳಗಿಟ್ಟಿದ್ದ.

ಆಗ, ಒಪ್ಪಿಸಿಕೊಂಡಿಲ್ಲವೆಂದು ನೆನಪಾಗಿ, ಸಾಬರು ಓಡಿಬಂದು ಭೀಮಶಿಯ ತೋಳು ಹಿಡಿದರು.

"ನಿಲ್ಲು. ಹೇಳದ ಇಳೀಬ್ಯಾಡ. ನಾ ಏನ್ ಮಾಡಂದೆ?"

"ಒಂದನೇದಕ್ಕ ಕೀಲಿ ಹಾಕಿ ಎರಡನೇದರಾಗ ಇಳಿ ಅಂದ್ರಿ."

ಗಡಿಬಿಡಿಯಲ್ಲಿ ತಪ್ಪು ಹೇಳಿದ್ದು ಸಾಬರೇ. ಭೀಮಶಿಯನ್ನು ಈಚೆಗೆ ಎಳೆದು, ಕೈ ತೆಗೆಯೆಂದು ಯಮನಪ್ಪನಿಗೆ ಕೂಗಿದರು. ಯಮನಪ್ಪ ಕೆಂಡ ಮುಟ್ಟಿದವನಂತೆ ಹಿಂದೆ ಸರಿದ.

"ನಿನಗ ಅನುಮಾನ ಬರಲಿಲ್ಲೇನು?" ಎಂದರು ಸಾಬರು.

"ಬಂದಿತ್ರಿ. ಹಿರ್ಯಾರಿಗೆ ತಪ್ಪೈತಿ ಅಂತ ಹೆಂಗ ಹೇಳೂದ್ರಿ?"

ಮರುದಿನದಿಂದ ಕೆಲಸ ಒಪ್ಪಿಸಿದರಷ್ಟೇ ಸಾಲದು, ಇಳಿಯುವವನು ಒಂದು ಪ್ರಶ್ನೆಯನ್ನೂ ಕೇಳಬೇಕು, ಇಲ್ಲದಿದ್ದರೆ ಬೀಗವಿಲ್ಲ ಎಂಬ ಕಟ್ಟಳೆಯನ್ನು ಸಾಬರು ತಂದರು.

ಈಗ ನನ್ನ ಸ್ಪ್ರಿಂಗು ಸಡಿಲಾಗಿದೆ. ಫೋರ್‌ಮನ್ ಕೋಣೆಯ ಮೊಳೆಯಲ್ಲಿ ಸುಮ್ಮನೆ ನೇತಾಡುತ್ತೇನೆ. ಸಾಬರು ನಿವೃತ್ತರಾಗಿ, ಭೀಮಶಿಯೇ ಫೋರ್‌ಮನ್ ಆಗಿದ್ದಾನೆ. ಮೊನ್ನೆ ಅವನು ಕೆಲಸ ಹೇಳಿದ ಮೇಲೆ ಯಾರೂ ಏನೂ ಕೇಳಲಿಲ್ಲ. ಅವನು ಹೊಸ ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟ. ಹೊರಗೆ ಟ್ರ್ಯಾಕ್ಟರುಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಕೊನೆಗೆ ಹೊಸಬನೊಬ್ಬ ಮುಂದೆ ಬಂದ.

"ಯಾವ ಸ್ವಿಚ್ಚು ಅಂತ ನೀವು ಹೇಳಲೇ ಇಲ್ರಿ."

ಭೀಮಶಿ ಬೇಕೆಂದೇ ಬಿಟ್ಟಿದ್ದನೋ, ನಿಜಕ್ಕೂ ಮರೆತಿದ್ದನೋ, ನನಗೆ ತಿಳಿಯದು. ಎದ್ದು ಹೋಗಿ ಸ್ವಿಚ್ಚು ತೋರಿಸಿ, ಬೀಗವನ್ನು ಅವನ ಕೈಗಿಟ್ಟ. ಅವತ್ತು ಇಳಿದವರೆಲ್ಲ ಮೇಲೆ ಬಂದರು.