ಹೊರಬಾಗಿಲ ಕಾವಲು

ಅವಳಿಗೆ ಆ ಕೆಲಸ ಕೊಡಿಸಿದ್ದೇ ಭಾವ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಆಗಷ್ಟೇ ಮದುವೆಯಾಗಿದ್ದ ಅಕ್ಕನ ಮನೆಗೆ ಒಂದು ಟ್ರಂಕು ಹಿಡಿದು ಬಂದಿಳಿದಳು. ಭಾವ ಹುಬ್ಬು ಗಂಟಿಕ್ಕಲಿಲ್ಲ. ಸೈಕಲ್ ಕಲಿಸಿದ, ಪರೀಕ್ಷೆಯ ದಿನಗಳಲ್ಲಿ ಶಾಲೆಯ ಹೊರಗೆ ಕೂತು ಕಾದ. ತಮಗೆ ಮಕ್ಕಳಾಗಲಿಲ್ಲವೆಂಬ ಕೊರಗನ್ನು ಅವಳೊಂದಿಗೆ ತಮಾಷೆ ಮಾಡುತ್ತಲೇ ನೀಗಿಕೊಂಡ.

ಅವನು ಅಣುವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್. ಪಂಪು, ವಾಲ್ವು, ಫಿಲ್ಟರುಗಳನ್ನು ಬಿಚ್ಚಿ ಮತ್ತೆ ಜೋಡಿಸುವ ಕಸುಬು. ನಾದಿನಿ ಓದು ಮುಗಿಸಿ ಮನೆಯಲ್ಲಿ ಕೂತಾಗ ಅವರಿವರನ್ನು ಹಿಡಿದು ತನ್ನಲ್ಲಿಗೇ ಸೇರಿಸಿದ. ರಿಯಾಕ್ಟರಿನ ಗುಮ್ಮಟಕ್ಕೆ ಹೋಗಿಬರುವ ದಾರಿಯನ್ನು ಕಾಯುವುದು ಅವಳ ಕೆಲಸ. ಅಲ್ಲಿ ಎರಡು ಉಕ್ಕಿನ ಬಾಗಿಲು, ನಡುವೆ ಹತ್ತಾರು ಜನ ನಿಲ್ಲಬಹುದಾದ ಕೋಣೆ. ಒಳಬಾಗಿಲು ಮುಚ್ಚಿ, ಅದರ ರಬ್ಬರ್ ಅಂಚು ಗಾಳಿ ತುಂಬಿ ಉಬ್ಬಿ, ಹಸಿರು ದೀಪ ಬಂದ ಮೇಲೆಯೇ ಹೊರಬಾಗಿಲು ತೆಗೆಯಬೇಕು. ಒಳಗಿನ ಗಾಳಿ ಒಳಗೇ ಇರಬೇಕು. ಅಷ್ಟಕ್ಕೇ ಅವಳಿಗೆ ಸಂಬಳ.

"ನಮ್ಮನೆಗೆ ಬೀಗರು ಬರೋ ಯೋಗವಂತೂ ಇಲ್ಲ, ಬೀಗದಮ್ಮನಾದ್ರೂ ಬಂದ್ಲಲ್ಲ," ಎಂದು ಭಾವ ಊಟಕ್ಕೆ ಕೂತಾಗ ನಗಿಸುತ್ತಿದ್ದ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಸಂಜೆ ಒಂದೇ ಬಸ್ಸಿಗೆ ಬರುತ್ತಿದ್ದರು.

ಆ ವರ್ಷ ರಿಪೇರಿಗೆಂದು ರಿಯಾಕ್ಟರನ್ನು ನಿಲ್ಲಿಸಿದ್ದರು. ಗುಮ್ಮಟದೊಳಗೆ ಹಳೆಯ ಫಿಲ್ಟರುಗಳನ್ನು ತೆಗೆದು ಉಕ್ಕಿನ ಡಬ್ಬಗಳಿಗೆ ತುಂಬುವ ಕೆಲಸ ನಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ಕ್ರೇನಿನಿಂದ ಒಂದು ಡಬ್ಬ ಜಾರಿ ಬಿದ್ದು ಮುಚ್ಚಳ ಕಳಚಿತು. ವರ್ಷಗಟ್ಟಲೆ ಫಿಲ್ಟರು ಹಿಡಿದಿಟ್ಟಿದ್ದ ವಿಕಿರಣದ ಧೂಳೆಲ್ಲ ಹೊಗೆಯಂತೆ ಎದ್ದಿತು. ಸೈರನ್ ಕೂಗಿತು. ಗಾಳಿಯ ಕೊಳವೆಗಳು ತಾವಾಗಿಯೇ ಮುಚ್ಚಿಕೊಂಡವು. ಮಾಮೂಲಿ ದಿನಗಳಲ್ಲಿ ಗುಮ್ಮಟದ ಫ್ಯಾನುಗಳು ಗಾಳಿಯನ್ನು ಒಳಕ್ಕೇ ಎಳೆಯುತ್ತಿದ್ದವು. ಅವು ನಿಂತ ಮೇಲೆ, ಒಂದು ಸಂದು ಸಿಕ್ಕರೂ ಒಳಗಿನದು ಹೊರಗೆ ಬರಲು ಅಡ್ಡಿಯಿರಲಿಲ್ಲ.

ಮುಖವಾಡ ಹಾಕಿದ್ದ ಕೆಲಸಗಾರರನ್ನು ಅವಳು ತಂಡತಂಡವಾಗಿ ಹೊರಗೆ ಬಿಟ್ಟಳು. ಎಲ್ಲರಿಗಿಂತ ಕೊನೆಗೆ ಭಾವ ಬಂದ. ಒಳಗೆ ಯಾರೂ ಉಳಿದಿಲ್ಲವೆಂದು ಒಂದು ಸುತ್ತು ನೋಡಿ ಬಂದಿದ್ದನಂತೆ. ಒಳಬಾಗಿಲನ್ನು ಎಳೆದು ಮುಚ್ಚಿ, ಹೊರಬಾಗಿಲಿನ ದುಂಡು ಗಾಜಿನಾಚೆಯಿಂದ ಅವಳಿಗೆ ಕೈ ಎತ್ತಿ ತೋರಿಸಿದ. ಹಸಿರು ದೀಪ ಬರಲಿಲ್ಲ. ಇನ್ನೊಮ್ಮೆ ತೆಗೆದು ಮುಚ್ಚಿದ. ಆಗಲೂ ಕೆಂಪೇ. ರಬ್ಬರ್ ಅಂಚು ಎಲ್ಲೋ ಹರಿದಿತ್ತು. ಗಾಳಿ ತುಂಬಿದಂತೆಲ್ಲ ಸೋರಿಹೋಗುತ್ತಿತ್ತು.

ಹಸಿರು ದೀಪ ಬಾರದ ಹೊತ್ತಿಗೆಂದೇ ಅವಳ ಬಳಿ ಒಂದು ಬೀಗದ ಕೈ ಇತ್ತು. ಅದನ್ನು ತಿರುವಿದರೆ ದೀಪ ಯಾವುದಿದ್ದರೂ ಹೊರಬಾಗಿಲು ತೆರೆಯುತ್ತಿತ್ತು. ಆದರೆ ಗುಮ್ಮಟದಲ್ಲಿ ಧೂಳೆದ್ದಾಗ ಅದನ್ನು ಮುಟ್ಟುವಂತಿರಲಿಲ್ಲ. ಅವಳ ಹಿಂದಿನ ಓಣಿಯಲ್ಲಿ ಆಗತಾನೇ ಹೊರಬಂದವರು ಬಟ್ಟೆ ಕಳಚಿ ಸ್ನಾನದ ಸರದಿಗೆ ನಿಂತಿದ್ದರು. ಓಣಿಯ ತುದಿಯಲ್ಲಿ ಲಾರಿಗಳು ಬರುವ ದೊಡ್ಡ ಷಟರ್. ಸಾಮಾನು ಇಳಿಸುತ್ತಿದ್ದುದರಿಂದ ಅದು ಅರ್ಧ ತೆರೆದಿತ್ತು. ಕೆಳಗಿಳಿಸಲು ಹೋದರೆ ಕಚ್ಚಿಕೊಂಡು ನಿಂತಿತ್ತು. ಅದರಾಚೆ ಬಯಲು, ಅದರಾಚೆ ಊರು. ಅವಳು ಮೇಲ್ವಿಚಾರಕನಿಗೆ ಫೋನ್ ಮಾಡಿದಳು. ಗುಮ್ಮಟದ ಆಚೆ ಬದಿಯ ಬಾಗಿಲಿನಿಂದ ತಂಡ ಕಳಿಸುತ್ತೇನೆ, ಅಲ್ಲಿಯವರೆಗೆ ಬಾಗಿಲು ಕದಲಬಾರದು ಎಂದು ಅವನು ಹೇಳಿದ.

ಅವಳು ಅದನ್ನೇ ಮೈಕಿನಲ್ಲಿ ಭಾವನಿಗೆ ತಿಳಿಸಿದಳು. ಅವನು ತಲೆಯಾಡಿಸಿ ಗೋಡೆಗೊರಗಿ ಕೂತ. ಸ್ವಲ್ಪ ಹೊತ್ತಿಗೆ ಎದೆಯ ಮೇಲೆ ಕೈ ಹೋಯಿತು. ಇದ್ದಕ್ಕಿದ್ದಂತೆ ಮುಖವಾಡವನ್ನು ಕಿತ್ತು ಎಸೆದ. ಹಾಕಿಕೊಳ್ಳಿ ಭಾವ, ಹಾಕಿಕೊಳ್ಳಿ ಎಂದು ಅವಳು ಎಷ್ಟು ಹೇಳಿದರೂ ಅವನಿಗೆ ಕೇಳಿಸಲಿಲ್ಲ. ತೆವಳಿಕೊಂಡು ಬಂದು ಗಾಜಿಗೆ ಮುಖ ತಂದ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

"ಬಾಗಿಲು ತೆಗಿ," ಎಂದ.

"ಆಗಲ್ಲ ಭಾವ."

"ಎದೆ ಹಿಂಡ್ತಾ ಇದೆ. ತೆಗಿಯೇ."

"ಬರ್ತಾ ಇದಾರೆ. ಆಗಲ್ಲ."

ಬೀಗದ ಕೈ ಅವಳ ಅಂಗೈಯಲ್ಲೇ ಇತ್ತು. ಅವನು ಮತ್ತೆ ಕೇಳಲಿಲ್ಲ. ಗಾಜಿನಾಚೆಯಿಂದ ಅವಳನ್ನೇ ನೋಡುತ್ತ, ಬಾಯಿ ತೆರೆದು ಉಸಿರೆಳೆಯುತ್ತ ಕುಸಿದ. ತಂಡದವರು ಬಂದು ಹೊತ್ತುಕೊಂಡು ಹೋಗುವವರೆಗೂ ಅವಳು ಗಾಜಿನಿಂದ ಕಣ್ಣು ತೆಗೆಯಲಿಲ್ಲ.

ಭಾವ ಉಳಿದ. ಹೃದಯದ ಒಂದು ಭಾಗ ಸತ್ತೇ ಹೋಗಿದೆ, ಧೂಳು ಶ್ವಾಸಕೋಶಕ್ಕೆ ಇಳಿದಿದೆ, ಅದು ಏನು ಮಾಡುತ್ತದೋ ಕಾದು ನೋಡಬೇಕು ಎಂದರು ಡಾಕ್ಟರು. ಸ್ಥಾವರದವರು ಹೊರಗಿನ ಹುಲ್ಲು, ಬಾವಿ ನೀರು, ಹಾಲು ಎಲ್ಲವನ್ನೂ ಪರೀಕ್ಷೆ ಮಾಡಿದರು. ಎಲ್ಲೂ ಏನೂ ಸಿಗಲಿಲ್ಲ. ಊರಿನವರಿಗೆ ಅಂದು ಸೈರನ್ ಕೂಗಿದ್ದಷ್ಟೇ ಗೊತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ಅವಳನ್ನು ಒಂದೇ ಒಂದು ಸಲ ಕೇಳಿದಳು.

"ಅವರು ಏನಾದ್ರೂ ಅಂದ್ರಾ?"

"ಬಾಗಿಲು ತೆಗಿ ಅಂದ್ರು."

"ನೀನು?"

"ಆಗಲ್ಲ ಅಂದೆ."

ಅಕ್ಕ ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಆಮೇಲೆ ಎದ್ದು ಹೋಗಿ ಇಬ್ಬರಿಗೂ ಚಹಾ ತಂದಳು.

ವಿಚಾರಣೆ ನಡೆಯಿತು. ಭಾವ ಗಾಲಿಕುರ್ಚಿಯಲ್ಲಿ ಬಂದ. ಅವಳ ಜಾಗದಲ್ಲಿ ತಾನಿದ್ದಿದ್ದರೂ ಬಾಗಿಲು ತೆಗೆಯುತ್ತಿರಲಿಲ್ಲ, ತಪ್ಪು ರಬ್ಬರನ್ನು ಹೊತ್ತಿಗೆ ಸರಿಯಾಗಿ ಬದಲಿಸದವರದು ಎಂದು ಎಲ್ಲರೆದುರು ಹೇಳಿದ. ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಕೇಳಿಸಿಕೊಂಡ ಅವಳು ಅಷ್ಟು ದಿನಗಳಲ್ಲಿ ಮೊದಲ ಸಲ ಬಿಕ್ಕಿಬಿಕ್ಕಿ ಅತ್ತಳು. ಇನ್ನು ಮನೆ ಮೊದಲಿನಂತಾಗುತ್ತದೆ ಎಂದುಕೊಂಡಳು.

ಹಾಗಾಗಲಿಲ್ಲ. ಭಾವ ಮನೆಗೆ ಬಂದವನು ಅವಳೊಂದಿಗೆ ಮಾತು ಬಿಟ್ಟ. ಜಗಳವಿಲ್ಲ, ಸಿಡುಕಿಲ್ಲ. ಅವಳು ಕೋಣೆಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವಳು ತಂದಿಟ್ಟ ಚಹಾ ಆರಿ ಕೆನೆಗಟ್ಟುತ್ತಿತ್ತು. ಅವಳು ಎದುರಿಗೇ ಇದ್ದರೂ, ಟೀವಿ ಕಮ್ಮಿ ಮಾಡಲು ಅವಳಿಗೆ ಹೇಳು ಎಂದು ಅಕ್ಕನಿಗೆ ಹೇಳುತ್ತಿದ್ದ. ಅಕ್ಕ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಂತಾದಳು. ಸಾಲದ್ದಕ್ಕೆ ಪಕ್ಕದ ಮನೆಯವನೊಬ್ಬ, ಅವನೂ ಸ್ಥಾವರದವನೇ, ಅಂದು ಬಾಗಿಲು ತೆಗೆದಿದ್ದರೂ ಹೊರಗೆ ಬರುತ್ತಿದ್ದುದು ಅಲ್ಪಸ್ವಲ್ಪವಂತೆ, ತೊಳೆದು ತೆಗೆಯಬಹುದಿತ್ತಂತೆ ಎಂದು ಅಕ್ಕನ ಕಿವಿಗೆ ಹಾಕಿದ. ಹೌದೇನೇ ಎಂದು ಅಕ್ಕ ಕೇಳಿದಾಗ, ಇರಬಹುದು, ಆಗ ಯಾರಿಗೂ ಗೊತ್ತಿರಲಿಲ್ಲ ಎಂದಳು ಅವಳು. ಅದು ನಿಜವೇ ಆಗಿತ್ತು.

ಒಂದು ರಜೆಯ ದಿನ ಅಕ್ಕ ಔಷಧಿ ತರಲು ಹೋಗಿದ್ದಳು. ಅವಳು ಅಡಿಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಾಗ ಭಾವ ಗೋಡೆ ಹಿಡಿದುಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಉಸಿರು ಹದಕ್ಕೆ ತಂದುಕೊಂಡ.

"ವಿಚಾರಣೇಲಿ ನಾನು ಹೇಳಿದ್ದು ಸುಳ್ಳಲ್ಲ. ನೀನು ಮಾಡಿದ್ದೇ ಸರಿ," ಎಂದ.

ಅವಳು ಒರೆಸುವುದನ್ನು ನಿಲ್ಲಿಸಿದಳು.

"ಆದ್ರೆ ನೀನು ನನ್ನೇ ನೋಡ್ತಾ ಇದ್ದೆ. ತಲೆ ತಗ್ಗಿಸ್ಬಹುದಿತ್ತು, ಆಕಡೆ ತಿರುಗ್ಬಹುದಿತ್ತು. ನೋಡ್ತಾ ನೋಡ್ತಾನೇ ಆಗಲ್ಲ ಅಂದೆ."

"ನಾನು ತಿರುಗಿಬಿಟ್ಟಿದ್ರೆ ನೀವು ಅಲ್ಲಿ ಒಬ್ಬರೇ ಆಗ್ತಿದ್ರಿ ಭಾವ."

ಅವನು ಆ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕುವವನಂತೆ ನೆಲವನ್ನೇ ನೋಡಿದ. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಹತ್ತುತ್ತಲೇ ಇರಲಿಲ್ಲ.

"ನಂಗೆ ಹಾಗೆ ಹೊಳೀಲೇ ಇಲ್ಲ," ಎಂದ ಕೊನೆಗೆ. "ಆದ್ರೂ ನಿನ್ನ ಮುಖ ಕಂಡ್ರೆ ಉಸಿರು ಕಟ್ಟುತ್ತಮ್ಮಾ. ಎಷ್ಟು ಬುದ್ಧಿ ಹೇಳ್ಕೊಂಡ್ರೂ ಕೇಳಲ್ಲ. ಬೇರೆ ಕಡೆ ಇರಕ್ಕಾಗುತ್ತಾ ನೋಡು."

ಅವಳು ಹೂಂ ಎಂದಳು. ಆ ವಾರದಲ್ಲೇ ಬಸ್ ನಿಲ್ದಾಣದ ಹತ್ತಿರ, ದರ್ಜಿ ಅಂಗಡಿಯ ಮೇಲೊಂದು ಕೋಣೆ ಹಿಡಿದಳು. ಅಕ್ಕ ಬಟ್ಟೆ ಮಡಚಿ ಕೊಟ್ಟಳು. ಬೇಡವೆಂದೂ ಅನ್ನಲಿಲ್ಲ, ಹೋಗೆಂದೂ ಅನ್ನಲಿಲ್ಲ. ಕೆಲಸ ಬಿಡುವ ಯೋಚನೆಯೂ ಅವಳಿಗೆ ಬಂದಿತ್ತು. ಬಿಟ್ಟರೆ ಮಾಡಿದ್ದು ತಪ್ಪೆಂದು ತಾನೇ ಒಪ್ಪಿಕೊಂಡಂತೆ ಎನ್ನಿಸಿ ಅಲ್ಲೇ ಉಳಿದಳು.

ಭಾವ ಮುಂದಿನ ಚಳಿಗಾಲ ದಾಟಲಿಲ್ಲ. ಧೂಳು ತನ್ನ ಕೆಲಸ ಶುರುಮಾಡುವ ಮೊದಲೇ ಹೃದಯ ಕೈಕೊಟ್ಟಿತು ಎಂದರು ಡಾಕ್ಟರು. ಸುದ್ದಿ ಬಂದಾಗ ಅವಳು ಡ್ಯೂಟಿಯಲ್ಲಿದ್ದಳು. ಬದಲಿಯವಳು ಬಂದು ಕೂತ ಮೇಲೆಯೇ ಎದ್ದು ಹೋದಳು. ಅಕ್ಕ ಅವಳನ್ನು ಅಪ್ಪಿಕೊಂಡು ಅತ್ತಳು, ಅತ್ತಾದ ಮೇಲೆ ಕೈ ಬಿಡಿಸಿಕೊಂಡು ಒಳಗೆ ಹೋದಳು.

ಕೆಲವು ವಾರಗಳ ನಂತರ ಅಕ್ಕನೇ ಬಂದು ಕರೆದಳು, ಇಬ್ಬರಿಗೆ ಎರಡು ಬಾಡಿಗೆ ಯಾಕೆ ಎಂದು. ಅವಳು ವಾಪಸು ಹೋದಳು. ಈಗ ಇಬ್ಬರೇ ಇದ್ದಾರೆ. ಅಕ್ಕ ಊಟಕ್ಕೆ ಕರೆಯುತ್ತಾಳೆ, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಾಳೆ. ಆದರೆ ಸಂಜೆ ಅವಳು ಆ ಬಸ್ಸಿನಿಂದ ಒಬ್ಬಳೇ ಇಳಿದು ಸ್ಥಾವರದ ಬಟ್ಟೆಯಲ್ಲಿ ಬರುವ ಹೊತ್ತಿಗೆ ಎಲ್ಲಾದರೂ ಹೊರಗೆ ಹೋಗಿರುತ್ತಾಳೆ. ಅವಳು ಸ್ನಾನ ಮಾಡಿ, ಬಟ್ಟೆ ಬದಲಿಸಿ ಕೂತ ಮೇಲೆಯೇ ಬರುತ್ತಾಳೆ.