ಅಳಿಸಿದ ಚುಕ್ಕೆ

ಸಿಟ್ಟು ಬಂದರೆ ನನ್ನ ಬಾಯಿಗೆ ಬೀಗವಿಲ್ಲ ಎಂದು ಅಕ್ಕ ಊರಿಗೆಲ್ಲ ಸಾರಿದ್ದಾಳೆ. ಸಾರಲಿ. ಅವಳ ಬಾಯಿಗೆ ಬಿದ್ದ ಬೀಗದಿಂದ ಮಗಳ ಮೊಳದುದ್ದ ಕರುಳು ಹೋಯಿತು.

ಹುಡುಗಿಗೆ ಹತ್ತೊಂಬತ್ತು. ಮೂರು ವರ್ಷದಿಂದ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಒಬ್ಬ ಡಾಕ್ಟರು ಗ್ಯಾಸ್ ಎಂದ, ಇನ್ನೊಬ್ಬ ಪರೀಕ್ಷೆಯ ಭಯ ಎಂದ. ರಕ್ತ ಕಡಿಮೆಯಾಗಿ ಮುಖ ಬಿಳಿಚಿಕೊಂಡರೆ ಕಬ್ಬಿಣದ ಮಾತ್ರೆ ಕೊಟ್ಟು ಸಾಗಹಾಕಿದರು. ಕಳೆದ ವಾರ ಹಸಿರು ವಾಂತಿ ಮಾಡಿಕೊಂಡು ಬಿದ್ದಾಗ ಹೊಟ್ಟೆ ಕೊಯ್ದರು. ಒಳಗೆ ನಿಂಬೆಹಣ್ಣಿನಷ್ಟು ಗಂಟು. ಅದು ಕರುಳನ್ನು ಕರುಳೊಳಕ್ಕೇ ಎಳೆದುಕೊಂಡಿತ್ತು, ಅಂಗಿಯ ತೋಳು ಒಳಮಗುಚಿಕೊಂಡ ಹಾಗೆ.

ಐದನೇ ದಿನ ಡಾಕ್ಟರಮ್ಮ ಹಾಸಿಗೆಯ ಪಕ್ಕ ಬಂದು ಕೂತರು.

"ಗಂಟು ಇದೊಂದೇ ಆದ್ರೆ ನಾಳೆ ಮನೆಗೆ ಹೋಗ್ಬಹುದು. ವಂಶದಲ್ಲಿ ಬರೋ ಕಾಯಿಲೆ ಆದ್ರೆ ಒಳಗೆ ಇನ್ನೂ ಇರುತ್ವೆ, ಹುಡುಕಿ ತೆಗೀಬೇಕು. ಬಿಟ್ರೆ ಕ್ಯಾನ್ಸರ್ ಕೂಡ ಬರಬಹುದು. ಆ ಕಾಯಿಲೆಗೆ ತುಟಿ ಮೇಲಿನ ಕಪ್ಪು ಚುಕ್ಕೆನೇ ಗುರುತು. ಇವಳಿಗೆ ಚಿಕ್ಕಂದಿನಲ್ಲಿ ಇತ್ತಾ?"

"ಇಲ್ಲ ಡಾಕ್ಟ್ರೇ" ಎಂದಳು ಅಕ್ಕ, ಸಲೀಸಾಗಿ.

ನನ್ನ ಮೈಯೆಲ್ಲ ಉರಿದುಹೋಯಿತು. ಆ ಚುಕ್ಕೆಗಳನ್ನು ನನ್ನ ಪಾರ್ಲರಿನ ಕುರ್ಚಿಯಲ್ಲಿ ನಾಲ್ಕು ಸಲ ಕೂರಿಸಿ ಲೇಸರಿನಿಂದ ಸುಟ್ಟವಳು ನಾನು. "ಬಾಯಿಗೆ ಇರುವೆ ಮುತ್ತಿದೆ ಅಂತ ಕ್ಲಾಸಲ್ಲಿ ನಗ್ತಾರೆ ಕಣೇ, ತೆಗೆದುಬಿಡು" ಎಂದು ಕರೆತಂದವಳು ಇದೇ ಅಕ್ಕ. ಹುಡುಗಿ ಕನ್ನಡಿ ಮುಂದೆ ಕುಣಿದಿದ್ದಳು. ನನ್ನ ಕೈಚಳಕಕ್ಕೆ ನಾನೂ ಬೀಗಿದ್ದೆ. ಕೈಚಳಕವಂತೆ, ಮಣ್ಣು.

"ಇತ್ತು ಡಾಕ್ಟ್ರೇ, ಅಳಿಸಿದ್ದು ನಾನು. ಕೆನ್ನೆ ಒಳಗಡೆ ನೋಡಿ, ಅಲ್ಲಿಗೆ ನನ್ನ ಮಷಿನ್ ಹೋಗಿಲ್ಲ" ಎಂದೆ.

ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ ತಲೆಯಾಡಿಸಿದರು. "ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?"

ಅಕ್ಕ ನನ್ನ ತೊಡೆ ಚಿವುಟಿದಳು. "ಸುಮ್ನಿರೇ. ನನ್ನಿಂದ್ಲೇ ಬಂತು ಅಂತ ಅತ್ತೆ ಮನೆಯವರು ಸಾಯೋವರೆಗೂ ಚುಚ್ತಾರೆ" ಎಂದು ಪಿಸುಗುಟ್ಟಿದಳು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ ನಿಂಗೆ" ಎಂದವಳೇ ಹತ್ತಿಯನ್ನು ನೀರಿಗದ್ದಿ, ಅಕ್ಕನ ಗದ್ದ ಹಿಡಿದು, ತುಟಿಯ ಬಣ್ಣವನ್ನೆಲ್ಲ ಒರೆಸಿ ತೆಗೆದೆ. ಅಡಿಯಲ್ಲಿ ಹತ್ತು ಹನ್ನೆರಡು ಚುಕ್ಕೆ.

"ಅಮ್ಮಾ, ನಿಂಗೂ ಇತ್ತಾ?" ಎಂದಳು ಹುಡುಗಿ ಹಾಸಿಗೆಯಿಂದ.

ಅಕ್ಕ ಸೆರಗಿನಿಂದ ತುಟಿ ಮುಚ್ಚಿಕೊಂಡಳು. ಡಾಕ್ಟರಮ್ಮ ಮೆಲ್ಲಗೆ ಕೇಳಿದರು: "ನಿಮಗೆ ಹೊಟ್ಟೆನೋವು ಯಾವಾಗಿಂದ?"

"ಹದಿನಾರರಿಂದ" ಎಂದಳು ಅಕ್ಕ, ಗೋಡೆ ನೋಡುತ್ತ.

ಅವಳಿಗೆ ಹದಿನಾರಾಗಿದ್ದಾಗ ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ಅವಳು ಹೊಟ್ಟೆ ಹಿಡಿದುಕೊಂಡು ಮುದುಡಿದಾಗೆಲ್ಲ, ಪಾತ್ರೆ ತೊಳೆಯುವುದನ್ನು ತಪ್ಪಿಸಿಕೊಳ್ಳಲು ನಾಟಕ ಆಡುತ್ತಾಳೆ ಎಂದು ಮನೆಮಂದಿಯನ್ನೆಲ್ಲ ನಗಿಸಿದವಳು ನಾನೇ.